ಇಪ್ಪತ್ಮೂರನೆಯ ಕುರ್ಚಿ

ಅದು ಶುರುವಾದದ್ದು ಮಾಗಿಯ ಚಳಿ ಹಿಂದೆ ಸರಿದು ಬೇವಿನ ಮರಗಳು ಎಲೆ ಉದುರಿಸುತ್ತಿದ್ದ ಕಾಲದಲ್ಲಿ, ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಗೆ. ಹತ್ತು ಗಂಟೆ ಅಂತ ಗಟ್ಟಿಯಾಗಿ ಹೇಳುತ್ತೇನೆ. ಹತ್ತರ ವಿಮಾನ ಮೇಲೇಳುವಾಗ ನಮ್ಮ ನಿಲ್ದಾಣದ ಗಾಜುಗಳೆಲ್ಲ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತವೆ. ಆ ಸದ್ದು ನಿಲ್ಲುವಷ್ಟರಲ್ಲಿ ನಾನು ಬಿಳಿ ಲಾಂಜಿನ ಬಾಗಿಲಲ್ಲಿ ತಪ್ಪು ಮಾತಾಡಿ ಆಗಿತ್ತು.

ನಮ್ಮದು ವಿಮಾನದ ಊರು. ದೊಡ್ಡ ನಿಲ್ದಾಣ, ಎಲ್ಲೆಲ್ಲಿಂದಲೋ ಬಂದು ಎಲ್ಲೆಲ್ಲಿಗೋ ಹೋಗುವ ವಿಮಾನಗಳು. ಒಳಗೆ ಮೂರು ಲಾಂಜುಗಳಿವೆ. ಬೋರ್ಡಿನ ಮೇಲೆ ಬೇರೆ ಹೆಸರು ಬರೆದಿದ್ದಾರಂತೆ, ನನಗೆ ಓದಲು ಬರುವುದು ಅಂಕಿ ಮತ್ತು ನನ್ನ ಹೆಸರು ಮಾತ್ರ. ನಡುವಿನ ಲಾಂಜು ಪರವೂರಿನವರದು. ಹೊಳೆಯುವ ಕಾರ್ಡು ತೋರಿಸಿದರೆ ಬಾಗಿಲು ಬಿಡುತ್ತಾರೆ. ಒಳಗೆ ಬಿಸಿನೀರಿನ ಬಚ್ಚಲು, ಕಾಲು ಚಾಚುವ ಸೋಫಾ, ತಿಂದಷ್ಟೂ ಹಣ್ಣು. ಅವರು ಏನು ಮಾತಾಡಿಕೊಂಡು ಹೋದರೂ ಅವರಿಗೆ ಏನೂ ಆಗುವುದಿಲ್ಲ. ನಮ್ಮೂರಿನ ನೀರು ಒಂದು ವರ್ಷ ಕುಡಿದವರಿಗೆ ಆ ಬಾಗಿಲಿಲ್ಲ. ನಮಗಿರುವುದು ಎರಡೇ, ಕೆಳಗಿನ ಹಸಿರು ಲಾಂಜು, ಮೇಲಿನ ಬಿಳಿ ಲಾಂಜು. ಎರಡರಲ್ಲಿ ಒಂದನ್ನು ಆರಿಸಿಕೊಂಡು, ಅಲ್ಲಿ ಮಾತು ಕೊಟ್ಟ ಮೇಲೆಯೇ ವಿಮಾನದ ಮೆಟ್ಟಿಲು.

ಹಸಿರು ಲಾಂಜಿನಲ್ಲಿ ನಲವತ್ತು ಕುರ್ಚಿ, ಎಲ್ಲವನ್ನೂ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಹೋಗುವವರು ಒಂದು ಕುರ್ಚಿಯಲ್ಲಿ ಕೂತು, ಯಾವ ದಿನ, ಎಷ್ಟು ಗಂಟೆಗೆ ಬರ್ತೀನಿ ಅಂತ ಬಾಯಿಬಿಟ್ಟು ಹೇಳಿ ಎದ್ದು ಹೋಗುತ್ತಾರೆ. ಹೇಳಿದ ದಿನ ಹೇಳಿದ ಗಂಟೆಗೆ, ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಅದೇ ಕುರ್ಚಿಯಲ್ಲಿ ಬಂದು ಕೂತಿರುತ್ತಾರೆ. ವರ್ಷಕ್ಕಿಂತ ಹೆಚ್ಚಿನ ಗಡುವನ್ನು ಕುರ್ಚಿ ಒಪ್ಪುವುದಿಲ್ಲ.

ಆ ಕುರ್ಚಿಗಳನ್ನು ಒರೆಸುವವಳು ನಾನು. ಕೊಟ್ರವ್ವ ಅಂದರೆ ಪೈಲಟ್ಟುಗಳಿಗೂ ಗೊತ್ತು. ಒಬ್ಬರು ಎದ್ದು ಹೋದ ಕೂಡಲೇ ಕುರ್ಚಿ ಒರೆಸಿ, ಬಿಳಿ ಟವೆಲು ಮಡಿಸಿ ಹಾಸುತ್ತಿದ್ದೆ. ಬರುವ ದಿನ ಟವೆಲು ತೆಗೆದು, ಇನ್ನೊಂದು ಸಲ ಒರೆಸಿ, ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರಿಡುತ್ತಿದ್ದೆ. ಬಂದವರು ಮೊದಲು ಕೇಳುವುದು ನೀರನ್ನೇ. ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಒಬ್ಬ ಹೆಂಗಸು ಯಾವುದೋ ದೇಶದ ಒಲೆ ಮುಂದಿನಿಂದ ಸೌಟು ಹಿಡಿದೇ ಬಂದಿದ್ದಳು, ಸಾರು ತೊಟ್ಟಿಕ್ಕಿ ನನ್ನ ನೆಲವೆಲ್ಲ ಹಳದಿ. ಕಲಾಯಿ ಹಾಕುವ ದ್ಯಾಮಣ್ಣನಿಗೆ ಎಲ್ಲಿಂದ ಎದ್ದರೂ ‘ಈಗ್ ಬಂದೆ’ ಅನ್ನುವ ಚಾಳಿ. ಕುರ್ಚಿಯಿಂದ ಏಳುತ್ತಲೂ ಹಾಗೇ ಅಂದ. ವಿಮಾನದ ಮೆಟ್ಟಿಲಿಗೆ ಕಾಲಿಡುವುದರೊಳಗೆ ತಿರುಗಿ ಕುರ್ಚಿಯಲ್ಲಿದ್ದ. ಎರಡನೇ ಸಲವೂ ಅದೇ. ಮೂರನೇ ಸಲ ಅವನ ಹೆಂಡತಿ ಅವನ ಬಾಯಿಗೆ ಕೈ ಅಡ್ಡ ಹಿಡಿದು, “ಬುಧವಾರ ಅನ್ನೋ ಮಾರಾಯ, ಬುಧವಾರ ಅಂತ ಒಂದ್ ಮಾತು ಅನ್ನು” ಅಂತ ಗೋಗರೆಯುತ್ತಿರುವಾಗಲೇ ವಿಮಾನ ಹೊರಟುಹೋಯಿತು. ನಾವೆಲ್ಲ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕೆವು.

ನಗು ಬಾರದ ದಿನಗಳೇ ಹೆಚ್ಚು. ಶಾಲೆಯ ಮೇಷ್ಟ್ರೊಬ್ಬರು ತಿಂಗಳಿಗೆ ಬರ್ತೀನಿ ಅಂತ ಹೋದವರು ತಿಂಗಳಿಗೆ ಸರಿಯಾಗಿ ಬಂದರು. ಸತ್ತು ಒಂದು ದಿನವಾಗಿತ್ತು. ಕನ್ನಡಕ ನೆಟ್ಟಗಿತ್ತು. ಮನೆಯವರು ಸ್ವಾಗತಕ್ಕೆ ಹಾರ ಹಿಡಿದು ನಿಂತಿದ್ದರು, ಅದನ್ನೇ ಹಾಕಿದರು. ಇನ್ನೊಂದು ಸಲ ಹದಿನೇಳನೇ ಕುರ್ಚಿಯಲ್ಲಿ ಹೀಗಾಯಿತು: ಪರವೂರಿನ ಮುದುಕನೊಬ್ಬ ಲಾಂಜು ತಪ್ಪಿ ಒಳಗೆ ಬಂದು, ಟವೆಲನ್ನು ತಲೆಗೆ ದಿಂಬು ಮಾಡಿಕೊಂಡು ನಿದ್ದೆ ಹೋದ. ನಾನು ನೀರು ತರಲು ಹೋಗಿದ್ದೆ. ಅದೇ ಗಳಿಗೆಗೆ ಆ ಕುರ್ಚಿಗೆ ಬರಬೇಕಾಗಿದ್ದವನು ಬಳೆ ಮಾರುವ ಸೂರಪ್ಪ. ಮುದುಕ ಬೆಚ್ಚಿ ಎದ್ದು ತನ್ನ ತೊಡೆ ಮುಟ್ಟಿ ಮುಟ್ಟಿ ನೋಡಿಕೊಂಡ. ಯಾರೋ ಮೇಲೆ ಕೂತು ಎದ್ದು ಹೋದರು ಅಂತ ಕೈಸನ್ನೆಯಲ್ಲೇ ಹೇಳಿದ. ಸೂರಪ್ಪ ಆವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಕೊಟ್ಟ ಮಾತು ಅಲ್ಲಿಗೆ ತೀರಿತು. ಅವನ ಹೆಂಡತಿ ಎರಡು ತಿಂಗಳು ದಿನಾ ಬಂದು ಆ ಖಾಲಿ ಕುರ್ಚಿ ನೋಡಿಕೊಂಡು ಹೋಗುತ್ತಿದ್ದಳು. ಆಮೇಲೆ ಆಫೀಸಿನವರು ಟವೆಲು ಹಾಸಿದ ಕುರ್ಚಿಗಳ ಸುತ್ತ ಹಗ್ಗ ಕಟ್ಟಿಸಿದರು. ಹಗ್ಗದೊಳಗೆ ಕಾಲಿಡುವವಳು ನಾನೊಬ್ಬಳೇ, ಅದೂ ಒರೆಸುವುದಕ್ಕೆ. ನಿಲ್ದಾಣದ ಕೆಲಸದವರು ಯಾರಾದರೂ ಅಲ್ಲಿ ಕೂತರೆ ಅವರ ಕೆಲಸದ ಬಿಲ್ಲೆಯನ್ನು ಆ ದಿನವೇ ಕಿತ್ತುಕೊಳ್ಳುತ್ತಾರೆ.

ಮೇಲಿನ ಬಿಳಿ ಲಾಂಜಿಗೆ ಹೋಗುವವರು ವರ್ಷಕ್ಕೆ ಇಬ್ಬರೋ ಮೂವರೋ. ಅಲ್ಲಿ ಮೆತ್ತನೆಯ ಕುರ್ಚಿ, ತುಪ್ಪದ ಅಡುಗೆ. ಅಲ್ಲಿಂದ ಹೋದವರು ಬರುವುದಿಲ್ಲ. ಬಾಗಿಲಲ್ಲಿ ಸಿದ್ರಾಮಣ್ಣ ಇರುತ್ತಾನೆ. ಹೋಗುವವರು ‘ಹೋಗ್ತೀನಿ’ ಅನ್ನಬೇಕು, ಮನೆಯ ಹಿರಿಯರೊಬ್ಬರು ಎದುರಿಗೆ ನಿಂತು ‘ಹೋಗು’ ಅನ್ನಬೇಕು. ಅಷ್ಟೇ. ಹಿಂದೆ ಮುಂದೆ ಏನೂ ಸೇರಿಸುವಂತಿಲ್ಲ, ಒಂದು ಟಿಕೀಟಿಗೆ ಒಂದೇ ಸಲ. ಕೇಳುವುದಕ್ಕೆ ಎಷ್ಟು ಸುಲಭ. ಆದರೆ ನಮ್ಮಲ್ಲಿ ಅಂಗಡಿಗೆ ಉಪ್ಪು ತರಲು ಹೊರಟವಳೂ ‘ಹೋಗಿ ಬರ್ತೀನಿ’ ಅನ್ನುತ್ತಾಳೆ, ಒಳಗಿದ್ದವರು ‘ಹೋಗಿ ಬಾ’ ಅನ್ನುತ್ತಾರೆ. ಬರೀ ಹೋಗು ಅನ್ನುವುದು ಹೊಸಲು ದಾಟಿದ ನಾಯಿಗೆ. ಎಷ್ಟೋ ಜನ ಆ ಬಾಗಿಲವರೆಗೂ ಹೋಗಿ, ನಾಲಿಗೆ ತಿರುಗದೆ ಕೆಳಗಿಳಿದು ಬಂದಿದ್ದಾರೆ.

ನನ್ನ ಸೊಸೆ ಹಾಲಮ್ಮ ನಮ್ಮ ಮನೆಗೆ ಬಂದು ಆಗ ಒಂಬತ್ತು ವರ್ಷವಾಗಿತ್ತು. ತವರು ವಿಮಾನದಲ್ಲಿ ಅರ್ಧ ದಿನದ ದಾರಿ. ಮಗ ಓಬಳೇಶ ನಿಲ್ದಾಣದಲ್ಲೇ ಸಾಮಾನು ತುಂಬುವವನು. ಹೊರಗೆ ಅವನನ್ನು ಕೆಟ್ಟವನು ಅನ್ನುವವರು ಯಾರೂ ಇಲ್ಲ. ಕುಡಿಯುವುದಿಲ್ಲ, ಯಾರೊಂದಿಗೂ ಜೋರು ಮಾತಿಲ್ಲ, ವಯಸ್ಸಾದವರ ಗಂಟು ಕಂಡರೆ ತಾನೇ ಹೊರುತ್ತಾನೆ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿದ ಮೇಲೆ ಬೇರೆ ಮನುಷ್ಯ. ತಾನು ಕೆಲಸಕ್ಕೆ ಹೋಗುವಾಗ ಆ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದ, ಅವಳು ಒಳಗಿರುತ್ತಿದ್ದಳು. ಅವನು ತಿರುವು ದಾಟಿದ ಮೇಲೆ ನಾನು ತೆಗೆಯುತ್ತಿದ್ದೆ, ಅವನು ಬರುವ ಮುಂಚೆ ನಾನೇ ಹಾಕುತ್ತಿದ್ದೆ. ಅವಳ ಎಡಗೈಯ ಎರಡು ಬೆರಳು ಒಮ್ಮೆ ಮುರಿದು ಮತ್ತೆ ನೆಟ್ಟಗಾಗಲಿಲ್ಲ. ಒಳಗೆ ಸದ್ದಾಗುವಾಗ ನಾನು ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿರುತ್ತಿದ್ದೆ. ಕಾಯಿ ಮುಗಿದರೆ ಬರೀ ತೊಟ್ಟನ್ನೇ ಚೂರು ಮಾಡುತ್ತಿದ್ದೆ. ಅವನ ಅಪ್ಪನೂ ಹೀಗೇ ಇದ್ದ. ಆಗ ಒಳಗಿದ್ದವಳು ನಾನು, ಪಡಸಾಲೆಯಲ್ಲಿ ನನ್ನ ಅತ್ತೆ ಬತ್ತಿ ಹೊಸೆಯುತ್ತಿದ್ದಳು.

ಹಾಲಮ್ಮನ ತಾಯಿಗೆ ಹುಷಾರಿಲ್ಲ, ಉಳಿಯುವುದು ಅನುಮಾನ ಅಂತ ಸುದ್ದಿ ಬಂತು. ಓಬಳೇಶ ಊಟ ಮಾಡುತ್ತ ಹೇಳಿದ: “ಹೋಗಿ ಬರ್ಲಿ. ಯಾರು ಬ್ಯಾಡ ಅಂದ್ರು? ಹಸಿರು ಲಾಂಜು, ಹನ್ನೊಂದು ದಿನ, ಸಾಯಂಕಾಲ ನಾಕು ಗಂಟೆ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನನಗೆ ಬಿಡುವು ಐತೆ, ನಾನೇ ಬಂದು ಕೇಳಿಸ್ಕೊಂತೀನಿ.”

ಹೊರಡುವ ಹಿಂದಿನ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಾಲಮ್ಮ ನನ್ನ ಸೀರೆ ಹಿಂಡುತ್ತ, “ಅತ್ತೆವ್ವ, ನಾನು ಹೋದ್ರೆ ನಿಮ್ಮ ಮಂಡಿಗೆ ಎಣ್ಣೆ ಯಾರು ತಿಕ್ತಾರೆ?” ಅಂದಳು.

“ನಿನ್ನ ಗಂಡ ತಿಕ್ತಾನೆ ಬಿಡು.”

“ಅವ್ರು ತಿಕ್ಕಿದ್ರೆ ಮಂಡಿ ಉಳೀತದಾ?”

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಅವಳು ಸೀರೆ ಹಿಂಡುತ್ತಲೇ ಇದ್ದಳು, ನೀರು ಬರುವುದು ನಿಂತುಹೋಗಿತ್ತು. “ಮೇಲಿನ ಬಾಗಿಲಿಗೆ ಬರ್ತೀರಾ ಅತ್ತೆವ್ವ? ಅವ್ರು ಹನ್ನೊಂದಕ್ಕೆ ಬರ್ತಾರೆ. ನಾವು ಹತ್ತಕ್ಕೆ ಹೋಗಿಬಿಟ್ರೆ ಆಯ್ತು. ನೀವು ಅನ್ನಬೇಕಾಗಿರೋದು ಒಂದೇ ಮಾತು.” ಅವಳು ಕಣ್ಣೆತ್ತಲಿಲ್ಲ. “ನಾನು ನನ್ನ ಮಾತು ಕಲ್ತಿದೀನಿ. ರೊಟ್ಟಿ ತಟ್ಟೋವಾಗೆಲ್ಲ ಮನಸ್ಸಿನಾಗೇ ಅಂದ್ಕೊಂತಿದ್ದೆ.”

ನಾನು ಹೂಂ ಅಂದೆ.

ಶುಕ್ರವಾರ ಹತ್ತಕ್ಕೆ ಮೂರು ನಿಮಿಷ ಇರುವಾಗ ಬಿಳಿ ಲಾಂಜಿನ ಬಾಗಿಲಲ್ಲಿದ್ದೆವು. ಸಿದ್ರಾಮಣ್ಣ ನನ್ನನ್ನು ನೋಡಿ ಹುಬ್ಬೇರಿಸಿದ. “ಏನ್ ಕೊಟ್ರವ್ವ, ಮಂಡಿ ನೋವು ಅಂತಿದ್ದೆ, ಮೆಟ್ಟಿಲು ಹತ್ತಿ ಬಂದೀಯ?” ಅಂದವನು ಹಾಲಮ್ಮನ ಕೈಬೆರಳು ನೋಡಿ ಟಿಕೀಟಿಗೆ ಕೈ ಚಾಚಿದ. ಟಿಕೀಟು ನೋಡಿ, ಗುರುತಿನ ಚೀಟಿ ನೋಡಿ, ಎದುರೆದುರು ನಿಲ್ಲಿಸಿದ. “ಮೊದ್ಲು ಹೋಗೋರು.”

“ಹೋಗ್ತೀನಿ” ಅಂದಳು ಹಾಲಮ್ಮ. ಎಷ್ಟು ಚೊಕ್ಕವಾಗಿ ಅಂದಳು ಅಂದರೆ ನನ್ನ ಮೈ ಜುಂ ಅಂತು.

“ಈಗ ಮನೆಯವರು.”

ನಾನು ಅವಳ ಮುಖ ನೋಡಿದೆ. ಹಣೆಯಲ್ಲಿ ಕುಂಕುಮ, ತಲೆಗೆ ನಾನೇ ಮುಡಿಸಿದ ಹೂವು. ಹತ್ತರ ವಿಮಾನ ಮೇಲೆದ್ದು ಗಾಜುಗಳು ಸದ್ದು ಮಾಡತೊಡಗಿದವು. ಬಾಯಿ ತೆರೆದೆ. “ಹೋಗಿ ಬಾರವ್ವ” ಅಂತ ಬಂತು.

ಬಾಗಿಲು ಮಿಸುಕಲಿಲ್ಲ. ಸಿದ್ರಾಮಣ್ಣ ನನ್ನನ್ನು ಬೈಯಲಿಲ್ಲ. ಟಿಕೀಟಿನ ಮೂಲೆಗೆ ತೂತು ಹಾಕಿ ಅವಳ ಕೈಗೆ ಕೊಟ್ಟು, “ಕೆಳಗೇ ಹೋಗ್ಬೇಕಾಗ್ತದೆ ತಂಗಿ” ಅಂದ.

ನಾಲಿಗೆಯ ರೂಢಿ ಅಂತ ಆಗ ಎಲ್ಲರಿಗೂ ಹೇಳಿಕೊಂಡೆ. ಈಗ ವಯಸ್ಸಾಗಿದೆ, ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕು. ಅರ್ಧ ನಾಲಿಗೆಯ ರೂಢಿ. ಇನ್ನರ್ಧ ನಾನೇ. ಇವಳು ಹೋದರೆ ಆ ಮನೆಯಲ್ಲಿ ಅವನೊಂದಿಗೆ ನಾನೊಬ್ಬಳೇ ಅನ್ನುವ ಯೋಚನೆ ಮೆಟ್ಟಿಲು ಹತ್ತುವಾಗಲೇ ಹೊಟ್ಟೆಯೊಳಗೆ ಕೂತಿತ್ತು.

ಇಳಿಯುವಾಗ ಹಾಲಮ್ಮ ನನ್ನ ಕೈ ಹಿಡಿದುಕೊಂಡೇ ಇಳಿದಳು, ಮಂಡಿ ನೋವಿದೆಯಲ್ಲ. ಕೊನೆಯ ಮೆಟ್ಟಿಲಲ್ಲಿ ಒಂದೇ ಮಾತು ಕೇಳಿದಳು: “ನಾಯಿಗೆ ದಿನಾ ಹೇಳ್ತಿದ್ರಲ್ಲ ಅತ್ತೆವ್ವ, ನನಗ್ಯಾಕೆ ಹೇಳೋಕಾಗಲಿಲ್ಲ?”

ಹನ್ನೊಂದಕ್ಕೆ ಓಬಳೇಶ ಬಂದ. ಕುರ್ಚಿಯನ್ನು ಅವನೇ ಆರಿಸಿದ. ಇಪ್ಪತ್ಮೂರು, ಕಂಬದ ಪಕ್ಕದ್ದು, ಬಾಗಿಲಿಗೆ ಹತ್ತಿರ. “ಕೂತ್ಕೋ. ಹೇಳು.” ಅವಳು ಕೂತಳು. ಮೇಜಿನ ಹಿಂದೆ ದಾಖಲೆ ಬರೆಯುವ ಜುಬೇದಾ ಪೆನ್ನು ಹಿಡಿದು ಕಾಯುತ್ತಿದ್ದಳು. “ಹನ್ನೊಂದು ದಿನಕ್ಕೆ, ಮಂಗಳವಾರ, ನಾಕು ಗಂಟೆಗೆ ಬರ್ತೀನಿ” ಅಂದಳು ಹಾಲಮ್ಮ. ಓಬಳೇಶ ಅವಳ ಗಂಟನ್ನು ತಾನೇ ಹೊತ್ತು ಮೆಟ್ಟಿಲವರೆಗೂ ಹೋದ. ನೋಡಿದವರೊಬ್ಬರು, ಹೆಂಡತಿ ಮೇಲೆ ಎಷ್ಟು ಅಕ್ಕರೆ ಅಂದರು. ನಾನು ಕುರ್ಚಿ ಒರೆಸಿ ಟವೆಲು ಹಾಸಿದೆ. ಕುರ್ಚಿ ಇನ್ನೂ ಬೆಚ್ಚಗಿತ್ತು.

ಅವತ್ತಿನಿಂದ ನಾನು ಆ ಮಾತು ಕಲಿಯಲು ಕೂತೆ. ಕಾಗೆಗೆ ಹೋಗು ಅಂದೆ, ಬೆಕ್ಕಿಗೆ ಅಂದೆ, ಹಾಲು ಹಾಕಿ ತಿರುಗಿದವನ ಬೆನ್ನಿಗೆ ಮೆಲ್ಲಗೆ ಅಂದೆ. ಲಾಂಜಿನಲ್ಲಿ ಖಾಲಿ ಕುರ್ಚಿ ಒರೆಸುವಾಗ ಒಂದೊಂದಕ್ಕೂ ಅನ್ನುತ್ತಿದ್ದೆ. ಸಿದ್ರಾಮಣ್ಣ ಚಹಾಕ್ಕೆ ಇಳಿದು ಬಂದವನು ಕೇಳಿಸಿಕೊಂಡು, “ಏನವ್ವಾ, ಕುರ್ಚಿಗೋಳನ್ನೂ ಓಡಿಸ್ತಿದ್ದೀಯ?” ಅಂದ. ಯಾಕೆ ಕಲಿಯುತ್ತಿದ್ದೆ ಅಂದರೆ ಆಗ ನನಗೂ ಗೊತ್ತಿರಲಿಲ್ಲ. ತೂತು ಬಿದ್ದ ಟಿಕೀಟಿಗೆ ಆ ಮಾತು ಇನ್ನು ಉಪಯೋಗವಿಲ್ಲ.

ಏಳನೇ ದಿನ ಜುಬೇದಾಳ ಮೇಜಿನ ಫೋನಿಗೆ ಹಾಲಮ್ಮ ಮಾಡಿದಳು. ಜುಬೇದಾ ನನ್ನ ಕಿವಿಗೆ ಹಿಡಿದಳು. “ಅವ್ವ ನಿನ್ನೆ ತೀರಿಕೊಂಡ್ಲು ಅತ್ತೆವ್ವ. ನೋಡೋಕೆ ಸಿಕ್ಕಿದ್ಲು, ಮಾತಾಡಿದ್ಲು.” ಆಮೇಲೆ ತಾನು ಅಲ್ಲೊಂದು ಖಾನಾವಳಿಯಲ್ಲಿ ರೊಟ್ಟಿ ತಟ್ಟಲು ಹೋಗುತ್ತಿರುವುದಾಗಿ, ಮುರಿದ ಬೆರಳಲ್ಲೂ ರೊಟ್ಟಿ ದುಂಡಗೆ ಬರುವುದನ್ನು ನೋಡಿ ಅಲ್ಲಿನ ಯಜಮಾನಿ ಬೆರಗಾಗಿರುವುದಾಗಿ ಹೇಳಿದಳು. ಮಲಗಲು ಒಂದು ಸಣ್ಣ ಕೋಣೆ ಕೊಟ್ಟಿದ್ದಾಳಂತೆ. “ಅತ್ತೆವ್ವ, ಇಲ್ಲಿ ಚಿಲಕ ಒಳಗಡೆ ಐತೆ” ಅಂದಳು. “ಮಂಗಳವಾರ ನೀರು ತಣ್ಣಗಿರ್ಲಿ. ಹೋಗಿ ಬರ್ತೀನಿ ಅಂದಿದ್ದೀನಲ್ಲ, ಬರ್ಲೇಬೇಕು” ಅಂತ ನಕ್ಕು ಫೋನಿಟ್ಟಳು. ಆ ನಗು ನನಗೆ ಗೊತ್ತಿದ್ದದ್ದೇ. ಏಟು ಬೀಳುವ ಮುಂಚೆ ನಾವು ನಗುವ ನಗು ಅದು.

ಎಂಟನೇ ದಿನ ಓಬಳೇಶನಿಗೆ ಮೇಲಿನ ಬಾಗಿಲಿನ ಸುದ್ದಿ ಮುಟ್ಟಿತು. ಯಾರ ಬಾಯಿಂದ ಅಂತ ಕೇಳಿ ಏನು ಮಾಡುವುದು, ನಿಲ್ದಾಣದಲ್ಲಿ ಗೋಡೆಗಳೆಲ್ಲ ಗಾಜಿನವು. ಜೋರು ಮಾಡಲಿಲ್ಲ. ಕೈ ತೊಳೆದು ಊಟಕ್ಕೆ ಕೂತು, “ಮೇಲಿನ ಲಾಂಜಿಗೆ ಹೋಗಿದ್ಲಂತೆ” ಅಂದ. ನಾನು ಮುದ್ದೆ ಬಡಿಸಿದೆ. “ಜೊತೆಗೆ ಯಾರೋ ಇದ್ರಂತೆ. ನಿನಗೆ ಗೊತ್ತೇನವ್ವ?” ನಾನು ಸಾರು ಹಾಕಿದೆ. ಅವನು ತಿಂದು ಮುಗಿಸಿ ತಟ್ಟೆಯಲ್ಲೇ ಬೆರಳಾಡಿಸುತ್ತ, “ಬರ್ಲಿ” ಅಂದ. ಅಷ್ಟೇ.

ಮಾರನೆಯ ದಿನ ಬಚ್ಚಲಲ್ಲಿ ಒಂದು ಬಕೆಟಿನಲ್ಲಿ ನೀರು ತುಂಬಿ, ಅದರೊಳಗೆ ಸಾಮಾನು ಬಿಗಿಯುವ ಪಟ್ಟಿ ಮುಳುಗಿಸಿಟ್ಟಿದ್ದ. ಅಂಗೈ ಅಗಲದ, ದಪ್ಪ ನೂಲಿನ ಪಟ್ಟಿ, ಒಂದು ತುದಿಗೆ ಕಬ್ಬಿಣದ ಕೊಕ್ಕೆ. ನೆನೆದರೆ ಭಾರವಾಗುತ್ತದೆ. ಮೂರು ದಿನ ಅದು ಅಲ್ಲೇ ನೆನೆಯಿತು. ದಿನಾ ಬೆಳಿಗ್ಗೆ ಅವನು ನೀರು ಬದಲಿಸುತ್ತಿದ್ದ, ಕಡಲೆ ನೆನೆಹಾಕಿದ ಹಾಗೆ. ನಾನು ಮುಖ ತೊಳೆಯಲು ಹೋದಾಗೆಲ್ಲ ಅದನ್ನು ನೋಡುತ್ತಿದ್ದೆ. ಸೋಮವಾರ ಮುಖ ತೊಳೆಯುವಾಗ ಹದಿನೇಳನೇ ಕುರ್ಚಿಯ ಮುದುಕ ನೆನಪಾದ. ತೊಡೆ ಮುಟ್ಟಿಕೊಂಡ ಅವನ ಎರಡು ಕೈ ಕಣ್ಣ ಮುಂದೆ ಬಂದವು. ಕೈಯಲ್ಲಿದ್ದ ಚೊಂಬನ್ನು ಎಷ್ಟು ಹೊತ್ತು ಹಾಗೇ ಹಿಡಿದು ನಿಂತಿದ್ದೆನೋ.

ಮಂಗಳವಾರ ಓಬಳೇಶ ಮೂರೂವರೆಗೇ ಲಾಂಜಿಗೆ ಬಂದ. ಒಗೆದ ಅಂಗಿ, ನೀಟಾಗಿ ಬಾಚಿದ ತಲೆ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಜುಬೇದಾ ನನ್ನ ಕಡೆ ನೋಡಿ, “ಅಜ್ಜಿ, ನಿಮ್ಮ ಮಗ ಹೂವು ತಂದಿದ್ದಾನೆ” ಅಂದಳು. ಅವಳಿಗೆ ಬಕೆಟಿನ ವಿಷಯ ಗೊತ್ತಿಲ್ಲ. ಅವನು ಕಂಬಕ್ಕೆ ಒರಗಿ ನಿಂತ. ನಾನು ಟವೆಲು ತೆಗೆದು ಮಡಿಸಿ ಭುಜದ ಮೇಲೆ ಹಾಕಿಕೊಂಡೆ. ಲೋಟದಲ್ಲಿ ನೀರು ತಂದಿಟ್ಟೆ, ಅವಳು ಹೇಳಿದ ಹಾಗೆ ತಣ್ಣಗಿನದು.

ಗಡಿಯಾರದ ಅಂಕಿ ನನಗೆ ಓದಲು ಬರುತ್ತದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೊನೆಯ ಸಲ ಒರೆಸುವುದು ನನ್ನ ಕ್ರಮ. ಹಗ್ಗ ಎತ್ತಿ ಒಳಗೆ ಹೋದೆ. ಕೂರುವ ಹಲಗೆ ಒರೆಸಿದೆ, ಬೆನ್ನಿನ ಹಲಗೆ ಒರೆಸಿದೆ, ಕುರ್ಚಿಯ ಎರಡು ಕೈ ಒರೆಸಿದೆ. ಮತ್ತೆ ಮೊದಲಿಂದ ಒರೆಸಿದೆ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಒರೆಸುವ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತುಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಆ ಕುರ್ಚಿಗಳಲ್ಲಿ ನಾನು ಕೂತದ್ದು ಅದೇ ಮೊದಲು. ಇಷ್ಟು ಗಟ್ಟಿ ಅಂತ ಗೊತ್ತಿರಲಿಲ್ಲ.

“ಅಜ್ಜೀ!” ಅಂತ ಕೂಗಿ ಜುಬೇದಾ ಎದ್ದು ನಿಂತಳು.

ಓಬಳೇಶನಿಗೆ ಮೊದಲು ಅರ್ಥವಾಗಲಿಲ್ಲ. ಮಂಡಿ ನೋವಿಗೆ ಕೂತಳು ಅಂದುಕೊಂಡನೇನೋ. “ಏಳವ್ವ, ಅವಳು ಬರೋ ಹೊತ್ತಾಯ್ತು” ಅಂದ, ಮೆಲ್ಲಗೆ, ಎಲ್ಲರೆದುರು ಮಾತಾಡುವ ದನಿಯಲ್ಲಿ. ನಾನು ಎರಡು ಕಾಲನ್ನೂ ಕುರ್ಚಿಯ ಕಬ್ಬಿಣದ ಕಾಲುಗಳಿಗೆ ಸುತ್ತಿಕೊಂಡೆ. ಆಗ ಅವನಿಗೆ ತಿಳಿಯಿತು. ಮುಖದಿಂದ ಹೊರಗಿನ ಮನುಷ್ಯ ಇಳಿದುಹೋದ.

“ಜೊತೆಗಿದ್ದವಳು ನೀನೇನಾ?”

“ನಾನೇ.”

“ಏಳು. ಏಳ್ತೀಯೋ ಇಲ್ವೋ?”

“ಇಲ್ಲ ಕಣಪ್ಪ.”

ಅವನು ಹಗ್ಗ ದಾಟಲು ಹೋದ, ಬಾಗಿಲ ಕಾವಲಿನವರು ಇಬ್ಬರು ಬಂದು ತೋಳು ಹಿಡಿದುಕೊಂಡರು. ಹಗ್ಗದೊಳಗೆ ಯಾರನ್ನೂ ಬಿಡಬಾರದು ಅನ್ನುವುದು ಅವರ ಕೆಲಸ, ನನ್ನನ್ನು ಎಬ್ಬಿಸುವುದಕ್ಕೂ ಅವರು ಒಳಗೆ ಬರುವಂತಿಲ್ಲ. ಮಲ್ಲಿಗೆ ಕೆಳಗೆ ಬಿತ್ತು. ನಾನು ನನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ನನ್ನ ಕೈಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ.

ನಾಲ್ಕಾಯಿತು. ತೊಡೆಯ ಮೇಲೆ ಭಾರ ಬಂತು. ಕಣ್ಣಿಗೆ ಏನೂ ಕಾಣಲಿಲ್ಲ, ಭಾರ ಮಾತ್ರ, ಮೈಯ ಬಿಸಿ, ಕೊಬ್ಬರಿ ಎಣ್ಣೆಯ ವಾಸನೆ, ಕಾದ ಹೆಂಚಿನ ವಾಸನೆ. ಅವಳ ಬೆನ್ನು ನನ್ನ ಎದೆಗೆ ಬಂದು ಒರಗಿತು. ನಡುಗುತ್ತಿದ್ದಳು. ಯಾರ ಮೇಲೆ ಕೂತಿದ್ದೇನೆ ಅಂತ ಅವಳಿಗೂ ತಿಳಿದಿರಬೇಕು, ಒಂದು ಗಳಿಗೆಗೆ ಆ ನಡುಕ ನಿಂತಿತು, ಮಕ್ಕಳು ಮಡಿಲಲ್ಲಿ ಮೈ ಬಿಡುವ ಹಾಗೆ ಭಾರ ಇನ್ನಷ್ಟು ಭಾರವಾಯಿತು. ತಬ್ಬಿಕೊಂಡಿದ್ದರೆ ಉಳಿಯುತ್ತಿದ್ದಳೋ ಏನೋ. ತೊಡೆಯ ಕೆಳಗೆ ಕೈಗಳು ಮೇಲೆ ಬರಲು ಹೊಡೆದಾಡಿದವು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳನ್ನು ತಬ್ಬಿರಲಿಲ್ಲ.

“ಹೋಗು” ಅಂದೆ.

ಅಷ್ಟೇ ಬಂತು. ಹಿಂದೆ ಮುಂದೆ ಏನೂ ಬರಲಿಲ್ಲ. ತೊಡೆ ಹಗುರಾಯಿತು. ಎದೆಯ ಮುಂದೆ ತಣ್ಣನೆಯ ಗಾಳಿ ಸುಳಿಯಿತು. ನೋಡಿಕೊಂಡರೆ ಸೀರೆಯ ಮೇಲೆ ಒಂದು ಕೈಯ ಗುರುತು, ಜೋಳದ ಹಿಟ್ಟಿನದು. ಮೂರು ಬೆರಳು ನೆಟ್ಟಗೆ, ಎರಡು ಸೊಟ್ಟ.

ಕಾವಲಿನವರು ಗಡಿಯಾರ ನೋಡಿ ಕೈ ಸಡಿಲಿಸಿದರು. ಗಳಿಗೆ ದಾಟಿದ ಮೇಲೆ ಹಗ್ಗಕ್ಕೆ ಬೆಲೆಯಿಲ್ಲ. ಓಬಳೇಶ ಬಂದು ಹೊಡೆದ. ಒಂದೇ ಏಟು, ಬಿಚ್ಚಿದ ಕೈ, ಎಡಗಿವಿಯ ಮೇಲೆ. ಆ ಏಟು ನನಗೆ ಹೊಸದಲ್ಲ. ಅದೇ ಅಂಗೈ, ಅದೇ ಭಾರ, ಬೀಸುವ ಮುಂಚೆ ಭುಜವನ್ನು ಚೂರು ಹಿಂದಕ್ಕೆ ತೆಗೆಯುವುದೂ ಅದೇ. ಇಪ್ಪತ್ತು ವರ್ಷದ ಹಿಂದೆ ಚಿತೆಯಲ್ಲಿ ಸುಟ್ಟ ಗಂಡನ ಕೈ ಎದ್ದು ಬಂದ ಹಾಗಿತ್ತು. ಲಾಂಜಿನಲ್ಲಿದ್ದವರೆಲ್ಲ ನೋಡಿದರು. ಹೊರಗಿನವರು ಅವನನ್ನು ಒಳಗಿನವನಾಗಿ ನೋಡಿದ್ದು ಆವತ್ತೇ. ಅವನು ಸುತ್ತ ನೋಡಿ, ಮಲ್ಲಿಗೆ ತುಳಿದುಕೊಂಡೇ ಹೊರಗೆ ಹೋದ. ಆ ಕಿವಿ ನನಗೆ ಈಗಲೂ ಕೇಳಿಸುವುದಿಲ್ಲ. ನನ್ನ ಬಿಲ್ಲೆಯನ್ನು ಆ ಸಾಯಂಕಾಲವೇ ಕಿತ್ತುಕೊಂಡರು. ಅವನ ಬಿಲ್ಲೆ ಉಳಿಯಿತು, ಹೊಡೆದದ್ದು ಗಳಿಗೆ ದಾಟಿದ ಮೇಲೆ ತಾನೇ. ನಾನು ಆ ಮನೆಗೆ ಮತ್ತೆ ಹೋಗಲಿಲ್ಲ. ಜುಬೇದಾಳ ಮನೆಯ ಜಗಲಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿದುಕೊಂಡು ಇದ್ದೇನೆ, ಈ ಮನೆಯ ಒಳಗಿನಿಂದ ಏಟಿನ ಸದ್ದು ಬರುವುದಿಲ್ಲ. ಫೋನು ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತು, ಮಾತು ತೀರಿದವರ ದನಿ ಕೂಡ ಈ ಊರಿಗೆ ತಲುಪುವುದಿಲ್ಲ.

ಇವೆಲ್ಲ ಆಮೇಲಿನ ಮಾತು. ಏಟು ಬಿದ್ದ ಮೇಲೂ ನಾನು ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಇದ್ದೆ, ಸುತ್ತಿಕೊಂಡಿದ್ದ ಕಾಲು ಬಿಡಿಸಲು ಬರಲಿಲ್ಲ. ಜುಬೇದಾ ಬಂದು ಕೂತು ಬಿಡಿಸಿದಳು. ಹಾಲಮ್ಮನಿಗಾಗಿ ಇಟ್ಟಿದ್ದ ನೀರನ್ನು ನನಗೇ ಕುಡಿಸಿದಳು. ಆಮೇಲೆ ಅಳುತ್ತಲೇ ಪುಸ್ತಕ ತಂದಳು. ಬಾರದವರ ಹೆಸರು ಬರೆಯುವ ಪುಟ ಬೇರೆ ಇದೆ. ಸೂರಪ್ಪನ ಹೆಸರೊಂದೇ ಅದರಲ್ಲಿತ್ತು. ಅಲ್ಲಿ ಬರೆಯುವುದು ಎರಡೇ, ಹೋದವರು ಯಾರು, ಹೋದ ದಿನ ಯಾವುದು.

“ಶುಕ್ರವಾರ ಅಂತ ಬರೀಲಾ ಅಜ್ಜಿ? ವಿಮಾನ ಹತ್ತಿದ್ದು ಶುಕ್ರವಾರ ಅಲ್ವಾ?” ಅಂದಳು, ಕೇಳಿಸುವ ಕಿವಿಯ ಹತ್ತಿರ ಬಗ್ಗಿ.

ನಾನು ಸೀರೆಯ ಮೇಲಿನ ಹಿಟ್ಟಿನ ಕೈಗುರುತು ಉದುರದ ಹಾಗೆ ಸೆರಗು ಮುಚ್ಚಿಕೊಂಡು ಎದ್ದೆ. ಶುಕ್ರವಾರ ಅವಳಿಗೆ ನಾನು ಹೋಗಿ ಬಾ ಅಂದಿದ್ದೆ.

“ಹಾಲಮ್ಮ ಅಂತ ಬರಿ” ಅಂದೆ. “ಮಂಗಳವಾರ.”